ರೀಮಿಕ್ಸ್‌ನ ಹಿಂದಿರುವ ವಿಲ್ಲಿ ಬೋಬೋ

2002ರ ‘ವರ್ವ್ ರೀಮಿಕ್ಸ್ಡ್’ ಸಂಕಲನದಲ್ಲಿ ‘ಸ್ಪ್ಯಾನಿಷ್ ಗ್ರೀಸ್’ ಕೇಳಿ ಮೆಚ್ಚಿದ್ದೀರಿ. ಅದರ ಮೂಲ ಯಾವುದು, ಅಲ್ಲಿಂದ ಮುಂದೆ ಏನನ್ನು ಕೇಳಬೇಕು ಎಂಬುದು ನಿಮ್ಮ ಪ್ರಶ್ನೆ. ನ್ಯೂಯಾರ್ಕಿನ ಪೋರ್ಟೊರಿಕನ್ ಕುಟುಂಬದಲ್ಲಿ ಹುಟ್ಟಿ, ಲ್ಯಾಟಿನ್ ಸಂಗೀತದ ಹೆಸರಾಂತ ತಂಡನಾಯಕ ಟಿಟೊ ಪುಯೆಂಟೆಯವರ ತಂಡದಲ್ಲಿ ಪಳಗಿದ ತಾಳವಾದ್ಯಗಾರ ವಿಲ್ಲಿ ಬೋಬೋ ಅವರು 1965ರಲ್ಲಿ ವರ್ವ್ ಎಂಬ ಧ್ವನಿಮುದ್ರಣ ಕಂಪನಿಗಾಗಿಯೇ ಮಾಡಿದ, ‘ಸ್ಪ್ಯಾನಿಷ್ ಗ್ರೀಸ್’ ಹೆಸರಿನದೇ ಆಲ್ಬಮ್‌ನಲ್ಲಿ ಮೂಲ ಕೃತಿಯಿದೆ. ರೀಮಿಕ್ಸ್ ಅನ್ನು ಕುಣಿತಕ್ಕೆಂದು ಹಿಗ್ಗಿಸಲಾಗಿದೆ. ಮೂಲವು ಚಿಕ್ಕದು, ಬಿಗಿಯಾದದ್ದು, ನನ್ನ ಕಿವಿಗೆ ಹೆಚ್ಚು ರುಚಿಯಾದದ್ದು.

ಮೊದಲ ಸಲ ಕೇಳುವಾಗ ರಾಗದ ಬೆನ್ನು ಹತ್ತದೆ ಟಿಂಬಾಲಿಸ್ ಒಂದನ್ನೇ ಹಿಂಬಾಲಿಸಿ. ಲೋಹದ ಕವಚವಿರುವ ಈ ಜೋಡಿ ಡೋಲುಗಳಲ್ಲಿ ವಾದಕನು ಚರ್ಮಕ್ಕಷ್ಟೇ ಅಲ್ಲ, ಪಕ್ಕದ ಲೋಹಕ್ಕೂ ಕೋಲಿನಿಂದ ಬಡಿಯುತ್ತಾನೆ.

ಮುಂದಿನ ಹೆಜ್ಜೆಯಾಗಿ, ಬೋಬೋ ಸಹ ನುಡಿಸಿರುವ ವೈಬ್ರಾಫೋನ್ (ಕೋಲಿನಿಂದ ನುಡಿಸುವ ಲೋಹದ ಪಟ್ಟಿಗಳ ವಾದ್ಯ) ವಾದಕ ಕ್ಯಾಲ್ ಜೇಡರ್ ಅವರ ‘ಸೋಲ್ ಸಾಸ್’ ಆಲ್ಬಮ್ ಸೂಕ್ತ. ಅದರ ಶೀರ್ಷಿಕೆ ಕೃತಿಯು ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಡಿಜಿ ಗಿಲೆಸ್ಪಿ ಮತ್ತು ಕೊಂಗಾ ಎಂಬ, ಕೈಯಿಂದ ಬಡಿಯುವ ಉದ್ದನೆಯ ಡೋಲಿನ ಕ್ಯೂಬಾದ ವಾದಕ ಚಾನೊ ಪೊಜೊ ಅವರ ರಚನೆಯಾದ್ದರಿಂದ, ಅದರ ಎಳೆ ಹಿಡಿದು ನೀವು 1940ರ ದಶಕದ ಧ್ವನಿಮುದ್ರಣಗಳಿಗೆ ತಲುಪಬಹುದು. ಆದರೆ ಆ ಹಳೆಯ ಮುದ್ರಣಗಳ ಮಬ್ಬು ಧ್ವನಿಗೆ ಕಿವಿ ಒಗ್ಗಲು ಸಮಯ ಬೇಕು, ಅವಸರ ಬೇಡ.