ಪ್ಲೇಟ್ ಅಂದರೆ ತಾಟೋ ತಲೆಯೋ, ಮೊದಲು ಅದನ್ನು ಕೇಳಿ

ಧಾರವಾಡದಲ್ಲಿ ನಿಮ್ಮ ಅಕ್ಕನ ಆರತಕ್ಷತೆ, ಬಫೆ ಊಟ, 400 ಜನ. ಒಬ್ಬ ಕೇಟರಿಂಗ್‌ನವರು 12 ಐಟಮಿಗೆ ಪ್ಲೇಟಿಗೆ 220 ರೂಪಾಯಿ ಹೇಳಿದ್ದಾರೆ, ಇನ್ನೊಬ್ಬರು 24 ಐಟಮಿಗೆ 300. ರುಚಿ ನೋಡಿ ಆರಿಸಲೇ ಅಂತ ಕೇಳಿದ್ದೀರಿ. ಓದಿದ ಕೂಡಲೇ ನನ್ನದೇ ಕಥೆ ನೆನಪಾಯಿತು.

ನಮ್ಮದು ಹುಬ್ಬಳ್ಳಿ. ತಂಗಿಯ ಆರತಕ್ಷತೆಯ ಊಟದ ಜವಾಬ್ದಾರಿಯನ್ನು ಅಪ್ಪ ನನ್ನ ಮೇಲೆ ಹಾಕಿದ್ದರು. ಮೂರು ಕಡೆ ಹೋಗಿ ರುಚಿ ನೋಡಿದೆ. ಒಂದು ಕಡೆ ಪನೀರ್ ಬಹಳ ಚೆನ್ನಾಗಿತ್ತು. ಪ್ಲೇಟಿಗೆ 300 ಅಂದವರನ್ನು ಚೌಕಾಸಿ ಮಾಡಿ 280ಕ್ಕೆ ಇಳಿಸಿದೆ. 500 ಪ್ಲೇಟ್, 1,40,000 ರೂಪಾಯಿ. ಹತ್ತು ಸಾವಿರ ಉಳಿಸಿದೆ ಅಂತ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ರಾತ್ರಿ ಹನ್ನೊಂದಕ್ಕೆ ಲೆಕ್ಕ ಬಂತು. 712 ಪ್ಲೇಟ್.

ರಟ್ಟಿನ ತುಂಡಿನ ಮೇಲೆ ಪೆನ್ನಿನಿಂದ ಎಳೆದ 14 ಗೆರೆ, ಗೆರೆಗೆ 50 ತಾಟು. ಬಿಡಿಯಾಗಿ 12. ಅಂದರೆ ಇನ್ನೂ 59,360 ರೂಪಾಯಿ ಕೊಡಬೇಕು. ಆಯೇರಿ, ಅಂದರೆ ಮುಯ್ಯಿ, ಬರೆದ ಪುಸ್ತಕ ತೆಗೆದು ನೋಡಿದೆವು. 180 ಮನೆಯವರ ಹೆಸರಿತ್ತು. ಮನೆಗೆ ಮೂವರು ಅಂತ ಹಿಡಿದರೂ 540. ಉಳಿದ 172 ತಾಟಿನಲ್ಲಿ ಉಂಡವರು ಯಾರು?

ಬಂದವರೇ ಮತ್ತೆ ಮತ್ತೆ ತಾಟು ತೆಗೆದುಕೊಂಡಿದ್ದರು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನನಗೆ ಆವತ್ತು ಇದು ಹೊಳೆಯಲೇ ಇಲ್ಲ. ಬಾಗಿಲ ಹತ್ತಿರವೇ ಗೋಬಿ ಮಂಚೂರಿ ಇಟ್ಟಿದ್ದರು. ಜನ ಊಟದ ತಾಟಿನಲ್ಲೇ ಹಾಕಿಸಿಕೊಂಡರು. ತಿಂದ ಮೇಲೆ ತಾಟೆಲ್ಲ ಕೆಂಪು. ಅದರಲ್ಲೇ ಹೋಳಿಗೆ, ತುಪ್ಪ ಯಾರು ಹಾಕಿಸಿಕೊಳ್ಳುತ್ತಾರೆ? ಟಬ್ಬಿಗೆ ಹಾಕಿ ಹೊಸ ತಾಟು ತೆಗೆದುಕೊಂಡರು. ಹುಡುಗರಿಗಂತೂ ಜಾಮೂನಿಗೆ ಒಂದು, ಅನ್ನಕ್ಕೆ ಒಂದು. ಫೋಟೋಗೆ ಕರೆದರು ಅಂತ ಅರ್ಧ ಊಟ ಬಿಟ್ಟು ಸ್ಟೇಜಿಗೆ ಹೋದವರು ತಿರುಗಿ ಬಂದು ಮತ್ತೊಂದು ಹಿಡಿದರು. ಫೋಟೋದವರು, ಬ್ಯಾಂಡಿನವರು, ಟ್ರ್ಯಾಕ್ಸ್ ಡ್ರೈವರುಗಳು ಉಣ್ಣಲೇಬೇಕಲ್ವಾ, ಅವರು ನನ್ನ 500ರಲ್ಲಿ ಇರಲೇ ಇಲ್ಲ. ಮೇಲಾಗಿ ತೊಳೆದ ತಾಟುಗಳು ಮತ್ತೆ ಮೇಜಿಗೆ ಬರುತ್ತಿದ್ದವು, ಪ್ರತಿ ಸಲವೂ ಒಂದು ಗೆರೆ. ಗೆರೆ ಎಳೆಯುತ್ತಿದ್ದ ಹುಡುಗನ ಪಕ್ಕದಲ್ಲಿ ನಮ್ಮ ಕಡೆಯವರು ಒಬ್ಬರೂ ಇರಲಿಲ್ಲ. ಅವನು ಒಂದೆರಡು ಜಾಸ್ತಿ ಎಳೆದನೋ ಇಲ್ಲವೋ, ಯಾವ ಬಾಯಿಂದ ಕೇಳಲಿ? ಪ್ಲೇಟ್ ಅಂದರೆ ತಾಟೋ ತಲೆಯೋ ಅಂತ ನಾನು ಕೇಳಿರಲಿಲ್ಲ, ಚೀಟಿಯಲ್ಲಿ ಬರೆಸಿರಲಿಲ್ಲ. ಪನೀರ್ ತಿನ್ನುತ್ತಾ ಕೂತಿದ್ದೆ.

ಅಣ್ಣಿಗೇರಿಯಿಂದ ಬಂದ ನಮ್ಮ ಕಾಕಾ ಅವತ್ತು ತಾಟು ಹಿಡಿದು ಕುರ್ಚಿ ಹುಡುಕುತ್ತಿದ್ದರು. "ನಿಂತ ಉಣ್ಣಾಕ ಮೊಣಕಾಲು ಕೇಳಂಗಿಲ್ಲ ತಮ್ಮಾ, ಎಲ್ಲ್ಯರ ಒಂದು ಎಲಿ ಹಾಕ್ಸಪಾ" ಅಂದರು. ಅಷ್ಟೊಂದು ಐಟಮುಗಳಲ್ಲಿ ಅವರು ಉಂಡದ್ದು ಅನ್ನ ಸಾರು ಮಾತ್ರ.

ಹಾಗಾಗಿ ನನ್ನನ್ನು ಕೇಳಿದರೆ ಇಬ್ಬರೂ ಬೇಡ. ನಿಮ್ಮ ಜನರಲ್ಲಿ ಅರ್ಧದಷ್ಟಾದರೂ ಹಳ್ಳಿಯಿಂದ ಬರುವವರಾದರೆ ಬಫೆಯೇ ಬೇಡ. ಎರಡು ವರ್ಷದ ನಂತರ ತಮ್ಮನ ಮದುವೆಗೆ ಅಡಿಗೆಯವರನ್ನು ಕೂಲಿಗೆ ಹಿಡಿದೆವು. ಅವರು ಯಾದಿ ಬರೆದುಕೊಟ್ಟರು. ಕಿರಾಣಿ ದುರ್ಗದ ಬೈಲಿನಿಂದ, ಕಾಯಿಪಲ್ಲೆ ಅಮರಗೋಳದ ಎಪಿಎಂಸಿಯಿಂದ ನಾವೇ ತಂದೆವು. ಖಡಕ್ ರೊಟ್ಟಿ ಕೆಡುವುದಿಲ್ಲ, ರೊಟ್ಟಿ ಮಾಡಿ ಮಾರುವ ಹೆಂಗಸರಿಗೆ ಎರಡು ದಿನ ಮೊದಲೇ ಹೇಳಿ ತರಿಸಿ ಇಟ್ಟೆವು. ಎಲೆ ಹಾಕಿ ಪಂಕ್ತಿಯಲ್ಲಿ ಕೂರಿಸಿ ಗೋಧಿ ಹುಗ್ಗಿ, ಬದನೆಕಾಯಿ ಎಣ್ಣೆಗಾಯಿ, ಮಿರ್ಚಿ, ಅನ್ನ ಸಾರು, ಮಜ್ಜಿಗೆ ಬಡಿಸಿದೆವು. ನೂರು ಎಲೆಗೆ ಹತ್ತು ಜನ ಬಡಿಸುವವರು, ಎಲ್ಲ ಓಣಿಯ ಹುಡುಗರೇ. ಓಡಾಟ ಜಾಸ್ತಿ, ಸುಳ್ಳು ಹೇಳುವುದಿಲ್ಲ. ಅಕ್ಷತೆಗಿಂತ ಎರಡು ದಿನ ಮುಂಚೆ ನಾನು ನಿದ್ದೆಯನ್ನೇ ಮಾಡಲಿಲ್ಲ. ಆದರೆ ಒಬ್ಬರಿಗೆ ಒಂದೇ ಎಲೆ. ಎದ್ದು ಹೋಗಿ ಇನ್ನೊಂದು ಎಲೆಗೆ ಯಾರೂ ಕೂರುವುದಿಲ್ಲ!

ಬೀಗರು ಬಫೆಯೇ ಬೇಕು ಅಂತ ಹಟ ಹಿಡಿದರೆ, 12 ಐಟಮಿನವರಿಗೆ ಫೋನ್ ಮಾಡಿ. ತೊಳೆದ ತಾಟನ್ನು ಹೇಗೆ ಎಣಿಸುತ್ತೀರಿ ಅಂತ ಕೇಳಿ. "ಅದೆಲ್ಲ ಆಮೇಲೆ ನೋಡೋಣ ಬಿಡ್ರಿ" ಅಂದರೆ ಸುಮ್ನೆ ಫೋನ್ ಇಟ್ಟುಬಿಡಿ. ಸರಿಯಾಗಿ ಹೇಳಿದರೆ ಅದನ್ನೇ ಚೀಟಿಯಲ್ಲಿ ಬರೆಸಿಕೊಂಡು ಆಮೇಲೆ ಅಡ್ವಾನ್ಸ್ ಕೊಡಿ. ಗೋಬಿಗೆ ಸಣ್ಣ ಬಟ್ಟಲು ಬೇರೆ ಇಡಿಸಿ. ತಾಟಿನ ಮೇಜಿನ ಹತ್ತಿರ ನಿಮ್ಮ ಕಡೆಯ ಒಬ್ಬರನ್ನು ನೋಟ್‌ಬುಕ್ ಕೊಟ್ಟು ಕೂರಿಸಿ. ಅಳಿಯಂದಿರು ಮಾತ್ರ ಬೇಡ, ಫೋಟೋಗೆ ಕರೆದರೆ ಎದ್ದು ಹೋಗುತ್ತಾರೆ.