‘ಸೇವೆ’ ಎಂಬ ಮಾತಿನ ಮರೆಯಲ್ಲಿ ದಣಿಯುತ್ತಿರುವ ಗ್ರಂಥಪಾಲಕರು

ಪ್ರಶ್ನೆ: ಕಾಲೇಜು ಗ್ರಂಥಾಲಯವೊಂದರಲ್ಲಿ ಹದಿನಾರು ವರ್ಷಗಳಿಂದ ದುಡಿಯುತ್ತಿದ್ದೇನೆ. ನಿವೃತ್ತರಾದ ಇಬ್ಬರು ಸಹೋದ್ಯೋಗಿಗಳ ಹುದ್ದೆ ಖಾಲಿಯೇ ಉಳಿದು, ಅವರ ಕೆಲಸವೂ ನನ್ನ ಪಾಲಿಗೆ ಬಂದಿದೆ. ಮಾತೆತ್ತಿದರೆ ‘ಇದು ಸೇವೆ, ಬರೀ ನೌಕರಿಯಲ್ಲ’ ಎನ್ನುತ್ತಾರೆ. ಸದಾ ದಣಿವು, ಓದುಗರು ಕೌಂಟರಿಗೆ ಬಂದರೆ ಸಿಡುಕುತ್ತೇನೆ, ಇಷ್ಟು ವರ್ಷ ಏನು ಸಾಧಿಸಿದೆ ಎಂದೂ ಅನಿಸುತ್ತದೆ. ನಾನು ಈ ವೃತ್ತಿಗೆ ತಕ್ಕವಳಲ್ಲವೇ?

ಉತ್ತರ: ಸಿಡುಕನ್ನು ನಿಮ್ಮ ಸ್ವಭಾವದ ಲೆಕ್ಕಕ್ಕೆ ಬರೆದುಕೊಳ್ಳಬೇಡಿ. 2019ರಲ್ಲಿ ಅಂಗೀಕಾರವಾದ ಐಸಿಡಿ-11 ಎಂಬ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಬರ್ನ್‌ಔಟ್ ಅನ್ನು, ಅಂದರೆ ದುಡಿದು ಬಸವಳಿಯುವ ಸ್ಥಿತಿಯನ್ನು, ಕಾಯಿಲೆಯೆಂದು ಕರೆಯದೆ, ಸರಿಯಾಗಿ ನಿಭಾಯಿಸದೆ ಬಿಟ್ಟ ದೀರ್ಘಕಾಲದ ಕೆಲಸದ ಒತ್ತಡದ ಫಲವೆಂದು ವಿವರಿಸುತ್ತದೆ. ದಣಿವು, ಕೆಲಸದ ಬಗ್ಗೆ ಹುಟ್ಟುವ ತಾತ್ಸಾರ, ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವ ಎಂದು ಅದು ಗುರುತಿಸುವ ಮೂರೂ ಲಕ್ಷಣಗಳು ನಿಮ್ಮ ಪತ್ರದಲ್ಲಿವೆ.

ಇನ್ನು ‘ಸೇವೆ’ಯ ಮಾತು. ಅಮೆರಿಕದ ಗ್ರಂಥಪಾಲಕರಾದ ಫೊಬಾಜಿ ಎಟ್ಟಾರ್ ಅವರು 2018ರಲ್ಲಿ ಬರೆದ ಲೇಖನವೊಂದರಲ್ಲಿ, ಗ್ರಂಥಾಲಯವನ್ನು ಪವಿತ್ರವೆಂದು ಭಾವಿಸಿ ಟೀಕೆಗೆ ಅತೀತವಾಗಿ ನಿಲ್ಲಿಸುವ ಪೂಜ್ಯಭಾವವೇ ಸಿಬ್ಬಂದಿಯ ಅತಿದುಡಿಮೆಯನ್ನೂ ಕಡಿಮೆ ಸಂಬಳವನ್ನೂ ಸಹಜವೆನ್ನುವಂತೆ ಮಾಡುತ್ತದೆ ಎಂದು ವಾದಿಸಿದ್ದಾರೆ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳಲ್ಲಿ ಪುಸ್ತಕ, ಓದುಗ, ಗ್ರಂಥಾಲಯ ಇವೆ, ಗ್ರಂಥಪಾಲಕರ ಹೆಸರಿಲ್ಲ. ಆದರೆ ಮೊದಲ ಸೂತ್ರವನ್ನು ವಿವರಿಸುವಾಗ ಅವರು ಸಿಬ್ಬಂದಿಯ ತರಬೇತಿ, ಸ್ಥಾನಮಾನ, ಸಂಬಳದ ವಿಚಾರವನ್ನೂ ಚರ್ಚಿಸಿದ್ದಾರೆ. ವೇದಿಕೆಯ ಮೇಲೆ ಸೂತ್ರ ಒಪ್ಪಿಸುವವರು ಆ ಪುಟಗಳವರೆಗೆ ಹೋಗುವುದು ಅಪರೂಪ.

ನಿಮ್ಮ ಕೆಲಸದ ದೊಡ್ಡ ತೊಡಕೆಂದರೆ, ಚೆನ್ನಾಗಿ ಮಾಡಿದಷ್ಟೂ ಅದು ಕಣ್ಣಿಗೆ ಬೀಳುವುದಿಲ್ಲ. ಒಬ್ಬನೇ ಲೇಖಕನ ಹೆಸರು ಮೂರು ಬಗೆಯ ಕಾಗುಣಿತದಲ್ಲಿ ದಾಖಲಾಗಿರುವುದನ್ನು ಗುರುತಿಸಿ, ಪ್ರತಿ ನಮೂದನ್ನೂ ತೆರೆದು, ಪುಸ್ತಕವನ್ನು ಕಪಾಟಿನಿಂದ ತೆಗೆದು ಶೀರ್ಷಿಕೆಪುಟದೊಂದಿಗೆ ತಾಳೆ ನೋಡಿ ನೀವು ಒಂದುಗೂಡಿಸಿದರೆ, ಓದುಗನಿಗೆ ಆ ಲೇಖಕನ ಕೃತಿಗಳೆಲ್ಲ ಒಂದೇ ಹುಡುಕಾಟದಲ್ಲಿ ಸಿಗುತ್ತವೆ. ಅದರ ಹಿಂದೆ ಒಂದು ಮಧ್ಯಾಹ್ನ ಕಳೆದದ್ದು ಅವನಿಗೂ ತಿಳಿಯದು, ಆಡಳಿತಕ್ಕೂ ತಿಳಿಯದು. ಸಂಜೆ ತಡವಾಗಿ ಕೂತು ಇಬ್ಬರ ಕೆಲಸ ಮುಗಿಸುತ್ತ ಹೋದರೆ ಆ ಎರಡು ಹುದ್ದೆಗಳ ಅಗತ್ಯವೂ ಹೀಗೆಯೇ ಕಾಣದಾಗುತ್ತದೆ.

ಆದ್ದರಿಂದ ಎರಡು ವಾರ ಪ್ರತಿದಿನ ಏನೇನು ಮಾಡಿದಿರಿ, ಯಾವುದನ್ನು ಅರ್ಧಕ್ಕೆ ಬಿಟ್ಟೆದ್ದಿರಿ ಎಂಬುದನ್ನು ಬರೆದಿಡಿ. ಅದರ ಆಧಾರದಲ್ಲಿ, ಈಗಿರುವ ಸಿಬ್ಬಂದಿಯಿಂದ ಸಂಜೆಯ ಅವಧಿ, ಸೂಚೀಕರಣ (ಪುಸ್ತಕಗಳ ವಿವರ ದಾಖಲಿಸುವ ಕೆಲಸ), ದಾಸ್ತಾನು ಪರಿಶೀಲನೆ ಮೂರೂ ನಡೆಯುವಂತಿಲ್ಲ, ಯಾವುದನ್ನು ನಿಲ್ಲಿಸಬೇಕು ತಿಳಿಸಿ ಎಂದು ಮುಖ್ಯಸ್ಥರನ್ನು ಲಿಖಿತವಾಗಿ ಕೇಳಿ. ದೂರಿಗೆ ‘ಸೇವೆ’ ಎಂಬ ಉತ್ತರ ಸುಲಭ. ಇಂಥ ಪ್ರಶ್ನೆಗೆ ಅವರು ಏನಾದರೊಂದು ತೀರ್ಮಾನ ಹೇಳಲೇಬೇಕಾಗುತ್ತದೆ.

ವೃತ್ತಿ ಬಿಡುವ ಯೋಚನೆಯನ್ನು ಅಲ್ಲಿಯವರೆಗೆ ಮುಂದೂಡಿ. ಹೊರೆ ಇಳಿದ ಮೇಲೂ ಸೂಚಿಯ ಒಂದು ತೊಡಕನ್ನು ಬಿಡಿಸುವ ಉತ್ಸಾಹ ಮರಳದಿದ್ದರೆ ಪತ್ರಾಗಾರ, ದಾಖಲೆ ನಿರ್ವಹಣೆ, ಸಂಶೋಧನಾ ದತ್ತಾಂಶದಂಥ ಕ್ಷೇತ್ರಗಳಿವೆ. ನಿಮ್ಮ ಅನುಭವ ಅಲ್ಲಿಯೂ ನಡೆಯುತ್ತದೆ. ನಿದ್ದೆ, ಊಟ ಕೆಟ್ಟಿದ್ದರೆ ಮಾತ್ರ ಇದ್ಯಾವುದಕ್ಕೂ ಕಾಯದೆ ವೈದ್ಯರನ್ನು ಕಾಣಿರಿ.