ಮಾವನ ಸ್ನಾನ, ಓಡಿಹೋದ ಹೋಂ ನರ್ಸ್

ಪ್ರಶ್ನೆ: ನಮ್ಮದು ಬದಿಯಡ್ಕ ಹತ್ರ. ಮಾವನಿಗೆ 76, ಎರಡು ವರ್ಷದಿಂದ ಮರೆವಿನ ಕಾಯಿಲೆ. ಈಗೀಗ ಸ್ನಾನ ಮಾಡಿಸುವಾಗ ಎದೆಗೆ ಕೈ ಹಾಕ್ತಾರೆ, ಚಾವಡಿಯಲ್ಲೇ ಮುಂಡು ಬಿಚ್ತಾರೆ. ಹೋಂ ನರ್ಸ್ ಹೇಳದೆ ಕೇಳದೆ ಬಿಟ್ಟು ಹೋದ್ಲು. ದುಬೈಲಿರುವ ಗಂಡ "ಅಪ್ಪ ಅಂಥವರಲ್ಲ, ಯಾರಿಗೂ ಹೇಳ್ಬೇಡ" ಅಂತಾರೆ. ನನಗೆ ಅವರ ಮುಖ ನೋಡಿದ್ರೇ ಹೇಸಿಗೆ, ಹಾಗೆ ಅನ್ನಿಸಿದ್ದಕ್ಕೆ ಪಾಪ ಮಾಡಿದ ಹಾಗೆ ಆಗ್ತದೆ.

ಉತ್ತರ: ತಂಗಿ, ನಿಮ್ಮ ಗಂಡ ಹೇಳಿದ್ದು ಅರ್ಧ ಸರಿ. ಅಪ್ಪ ಅಂಥವರಲ್ಲದೇ ಇರಬಹುದು, ಆದ್ರೆ ನಾಚಿಕೆ, ಅಂಕೆ ಎಲ್ಲ ಕಾಯುದು ಮೆದುಳಿನ ಮುಂಭಾಗ, ಅದೇ ಸವೆದ್ರೆ ಎಂಥ ಮರ್ಯಾದಸ್ಥರೂ ಹೀಗಾಗ್ಬಹುದು, ಕೆಲವು ಸಲ ಎದುರಿರುದು ಸೊಸೆ ಅಂತಲೇ ಗೊತ್ತಾಗುದಿಲ್ಲ, ಹೆಂಡತಿ ಅಂದ್ಕೊಂಡಿರ್ತಾರೆ. ಹಾಗಂತ ನೀವು ಸಹಿಸ್ಕೊಂಡಿರ್ಬೇಕು ಅಂತ ಎಲ್ಲಿಯೂ ಇಲ್ಲ. ಹೇಸಿಗೆ ಆಗುದು ಪಾಪ ಅಲ್ಲ ಮಾರಾಯ್ತಿ.

ಮೊದ್ಲು ಡಾಕ್ಟರಿಗೆ ಹೇಳಿ. ದಿಢೀರ್ ಶುರುವಾದದ್ದಾದ್ರೆ ಮೂತ್ರ ಟೆಸ್ಟ್ ಮಾಡಿಸಿ, ವಯಸ್ಸಾದವರಿಗೆ ಮೂತ್ರದ ಇನ್‌ಫೆಕ್ಷನ್ ಆದ್ರೂ ತಲೆ ಗಲಿಬಿಲಿ ಆಗ್ತದೆ. ಪಾರ್ಕಿನ್ಸನ್‌ಗೆ, ಅಂದ್ರೆ ಕೈ ನಡುಗುವ ಕಾಯಿಲೆಗೆ, ಕೊಡುವ ಪ್ರಮಿಪೆಕ್ಸೋಲ್, ರೋಪಿನಿರೋಲ್ ಥರದ ಮಾತ್ರೆಗಳಿಂದ ಕಾಮ ಕೆರಳುದೂ ಉಂಟು, ಮದ್ದಿನ ಚೀಟಿ ತೋರ್ಸಿ, ನೀವಾಗಿ ನಿಲ್ಸಬೇಡಿ. ಬಾಯಲ್ಲಿ ಹೇಳ್ಲಿಕ್ಕೆ ಆಗದಿದ್ರೆ ಬರ್ದು ಕೊಡಿ, ಯಾವ ಹೊತ್ತು, ಅದಕ್ಕೆ ಮುಂಚೆ ಎಂತ ನಡೀತಿತ್ತು ಅಂತ. ಮುಂಡು ಬಿಚ್ಚುದು ಸೆಕೆಗೂ ಇರಬಹುದು, ತುರಿಕೆಗೂ, ಒಂದಕ್ಕೆ ಬಂದೂ.

ಸ್ನಾನಕ್ಕೆ ಎದುರು ನಿಲ್ಬೇಡಿ. ಸ್ಟೂಲಲ್ಲಿ ಕೂರ್ಸಿ, ತೊಡೆ ಮೇಲೆ ಬೈರಾಸು ಹಾಕಿ, ನೀವು ಪಕ್ಕದಲ್ಲಿ ನಿಂತು ಅವರ ಒಂದು ಕೈಗೆ ಸೋಪು ಇನ್ನೊಂದಕ್ಕೆ ಚೆಂಬು ಕೊಟ್ಬಿಡಿ, ಕೈ ಖಾಲಿ ಇದ್ರೆ ಅಲ್ವಾ ಬೇರೆ ಕಡೆ ಹೋಗುದು. ಹೋಯ್ತಾ, ನಗ್ಬೇಡಿ, ಕಿರುಚ್ಬೇಡಿ, "ಬೇಡ ಮಾವ, ನಾನು ಸೊಸೆ" ಅಂತ ಗಟ್ಟಿಯಾಗಿ ಹೇಳಿ ಕೈ ಸರಿಸಿ. ಬಿಡುದೇ ಇಲ್ಲಾಂದ್ರೆ ಮೈ ಒರೆಸಿ ಮುಗಿಸಿ, ಒಂದು ದಿನ ಮೀಯದಿದ್ರೆ ಎಂತದೂ ಆಗುದಿಲ್ಲ. ಮನೆಯಲ್ಲಿ ಮಕ್ಕಳಿದ್ರೆ ಮಾವನೊಟ್ಟಿಗೆ ಅವರನ್ನು ಒಂಟಿ ಬಿಡ್ಬೇಡಿ, ಇದ್ರಲ್ಲಿ ದಾಕ್ಷಿಣ್ಯ ಬೇಡ.

ಮಾವ ಹೀಗೆ ಮಾಡ್ತಾರೆ ಅಂತ ಆ ಹೋಂ ನರ್ಸಿಗೆ ಯಾರಾದ್ರೂ ಮೊದ್ಲೇ ಹೇಳಿದ್ರಾ? 2013ರ ಲೈಂಗಿಕ ಕಿರುಕುಳ ತಡೆ ಕಾನೂನಿನಲ್ಲಿ ಮನೆಯೂ ಕೆಲಸದ ಜಾಗವೇ, ಅವಳಿಗೂ ಅದರ ರಕ್ಷಣೆ ಉಂಟು. ಇನ್ನು ಸಾಧ್ಯ ಇದ್ರೆ ಗಂಡು ಹೋಂ ನರ್ಸೇ ಬೇಕು ಅಂತ ಕೇಳಿ, ಯಾರೇ ಬರ್ಲಿ ಫೋನಲ್ಲೇ ಬಿಚ್ಚಿ ಹೇಳಿ. ಮನೆಗೇ ಬಂದು ದೀರ್ಘ ಕಾಯಿಲೆಯವರನ್ನು ನೋಡುವ ಪಂಚಾಯತಿನ ಪಾಲಿಯೇಟಿವ್ ನರ್ಸಿಗೂ ಹೇಳಿ.

ಡಾಕ್ಟರ್ ಹತ್ರ ಹೋಗುವ ದಿನ ಗಂಡನನ್ನು ವಿಡಿಯೋ ಕಾಲಲ್ಲಿ ಕೂರ್ಸಿ. ರಜೆಗೆ ಊರಿಗೆ ಬಂದಾಗ ಒಂದು ವಾರ ಸ್ನಾನ ಅವರೇ ಮಾಡಿಸ್ಲಿ.